ಅಕ್ಕನ ದನಿಯ ಮೇಲೆ ಗಿಟಾರು

ಮೊದಲ ಸಲ ಆ ಸಂಗೀತ ಕೇಳಿದಾಗ ಕ್ಯಾಸೆಟ್ಟು ಕೆಟ್ಟಿದೆ ಅಂದುಕೊಂಡಿದ್ದೆ. ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಕುಂಬಾರಕೊಪ್ಪಲಿನ ನಮ್ಮ ಮನೆಯ ಮಹಡಿ ಕೋಣೆಯನ್ನು, ಯೋಗ ಕಲಿಯಲು ಮೈಸೂರಿಗೆ ಬಂದಿದ್ದ ವಿದೇಶಿಯೊಬ್ಬನಿಗೆ ಬಾಡಿಗೆಗೆ ಕೊಟ್ಟಿದ್ದೆವು. ಆತ ಬೆಳಗಿನ ಯೋಗ ಮುಗಿಸಿ ಬಂದು, ಗೇಟಿನ ಹತ್ತಿರ ಎಳನೀರು ಕುಡಿದು, ನೆಲದ ಮೇಲೆ ಅಂಗಾತ ಮಲಗಿ ಟೇಪ್‌ರೆಕಾರ್ಡರ್ ಹಾಕುತ್ತಿದ್ದ. ಅದರಿಂದ ಬರುತ್ತಿದ್ದುದಕ್ಕೆ ತಾಳ ಇರಲಿಲ್ಲ, ಪಲ್ಲವಿ ಇರಲಿಲ್ಲ. ಅದು ಗಿಟಾರು ಅಂತ ಆತ ಹೇಳಿದರೂ ನಂಬುವಂತಿರಲಿಲ್ಲ. ಒಂದು ತಂತಿ ಮೀಟಿದರೆ ಅದು ಹತ್ತು ಗೋಡೆಗೆ ಬಡಿದು ವಾಪಸು ಬರುವಂತಿತ್ತು. ಅದರ ಅಡಿಯಲ್ಲೆಲ್ಲೋ ಯಾರೋ ಹಾಡುತ್ತಿದ್ದರು. ಏನು ಹಾಡುತ್ತಿದ್ದಾರೆ ಅಂತ ಎಷ್ಟು ಕಿವಿಗೊಟ್ಟರೂ ಒಂದಕ್ಷರ ತಿಳಿಯುತ್ತಿರಲಿಲ್ಲ.

ತಿಳಿಯಬಾರದು, ಅದೇ ಅದರ ಸೊಗಸು ಅಂದ ಆತ. ನುಡಿಸುವವರು ಕೇಳುವವರ ಮುಖ ನೋಡದೆ, ಸದ್ದು ಬದಲಿಸಲು ಕಾಲ ಬಳಿ ಇಟ್ಟ ಪೆಡಲ್ಲುಗಳನ್ನೇ ನೋಡುತ್ತ ತಲೆ ತಗ್ಗಿಸಿ ನಿಂತಿರುತ್ತಾರಾದ್ದರಿಂದ ಅದಕ್ಕೆ ಶೂಗೇಜ್, ಅಂದರೆ ಬೂಟು ದಿಟ್ಟಿಸುವುದು, ಅಂತ ಹೆಸರು ಬಂತಂತೆ. ನಮ್ಮಪ್ಪ ಮೆಟ್ಟಿಲ ಕೆಳಗೆ ನಿಂತು ಕೇಳಿ, "ಏನೋ ಅದು, ಮೋಟ್ರು ನೀರಿಲ್ದೆ ಓಡ್ತಾ ಅದೆಯಾ?" ಅಂತ ಸಂಪಿನ ಮುಚ್ಚಳ ತೆಗೆದು ನೋಡಿದ್ದರು.

ನನಗೆ ಆಗ ಇಪ್ಪತ್ತನಾಲ್ಕು. ಮಾರ್ಕೆಟ್ಟಿನ ಹತ್ತಿರ ಅಪ್ಪನ ಗ್ರಂದಿಗೆ ಅಂಗಡಿ. ವಿಭೂತಿ, ರುದ್ರಾಕ್ಷಿ, ಧೂಪ, ಬೇರು ನಾರು ಎಲ್ಲ ಅಲ್ಲಿ. ತಾತನ ಕಾಲದಿಂದ ಮಠಕ್ಕೆ ಪೂಜೆ ಸಾಮಾನು ಹೋಗುತ್ತಿದ್ದುದು ನಮ್ಮ ಅಂಗಡಿಯಿಂದಲೇ. ಬೆಳಿಗ್ಗೆ ನಾನು ಅಂಗಡಿ ತೆಗೆಯಬೇಕು, ಅಪ್ಪ ಪೂಜೆ ಮುಗಿಸಿ ಬಂದ ಮೇಲೆ ಎದ್ದು ಹೋಗಬಹುದು. ಎದ್ದು ಎಲ್ಲಿಗೆ ಹೋಗಬೇಕು ಅನ್ನುವುದು ಮಾತ್ರ ನನಗೆ ಗೊತ್ತಿರಲಿಲ್ಲ. ಸ್ಕೂಟರ್ ತೆಗೆದುಕೊಂಡು ರಿಂಗ್ ರಸ್ತೆಗೆ ಹೋಗುವುದು, ಅರ್ಧ ಸುತ್ತಿ ವಾಪಸು ಬರುವುದು. ಕಂಪ್ಯೂಟರ್ ಕ್ಲಾಸಿಗೆ ಸೇರಿ ಬಿಟ್ಟೆ, ಬ್ಯಾಂಕ್ ಪರೀಕ್ಷೆಗೆ ಕಟ್ಟಿ ಬಿಟ್ಟೆ. ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದವನು ಅಂತ ಅಮ್ಮ ಹೇಳುತ್ತಿದ್ದರು. ಚಕ್ರ ಇದ್ದದ್ದು ಕಾಲಿಗಲ್ಲ, ಎದೆಯೊಳಗೆಲ್ಲೋ. ಊಟಕ್ಕೆ ಕುಳಿತರೂ ತೊಡೆ ಅಲ್ಲಾಡುತ್ತಿತ್ತು.

ಈ ಸಂಗೀತ ಮನಸ್ಸನ್ನು ತಣ್ಣಗೆ ಮಾಡುತ್ತದೆ ಅಂತ ಆ ಬಾಡಿಗೆದಾರನ ನಂಬಿಕೆ. ನನಗೆ ಆದದ್ದು ಉಲ್ಟಾ. ಕೇಳುತ್ತ ಕುಳಿತರೆ ಎದ್ದು ಓಡಬೇಕು ಅನ್ನಿಸುತ್ತಿತ್ತು, ಆದರೂ ಕೇಳದೆ ಇರಲು ಆಗುತ್ತಿರಲಿಲ್ಲ. ನನ್ನ ಒಳಗಿನ ಗುಂಯ್‌ಗುಡುವಿಕೆಯನ್ನು ಯಾರೋ ಹೊರಗೆ ತೆಗೆದು ನನಗೇ ಕೇಳಿಸಿದ ಹಾಗಿತ್ತು. ಆತ ಊರು ಬಿಡುವಾಗ ಹೊರಲಾರದ ಸಾಮಾನೆಲ್ಲ ಅವರಿವರಿಗೆ ಹಂಚಿದ. ನನಗೆ ಬಂದದ್ದು ಒಂದು ಗಿಟಾರು, ಕಾಲಲ್ಲಿ ಒತ್ತುವ ಎರಡು ಪೆಡಲ್ಲು, ಮತ್ತು ಮೈಕು, ಹೆಡ್‌ಫೋನು ಸಮೇತ ಕ್ಯಾಸೆಟ್ ಹಾಕಿ ರೆಕಾರ್ಡ್ ಮಾಡುವ ನಾಲ್ಕು ಟ್ರ್ಯಾಕಿನ ಒಂದು ಯಂತ್ರ. ಅವತ್ತೇ ತೀರ್ಮಾನ ಮಾಡಿದೆ, ನಾನೂ ಒಂದು ಆಲ್ಬಂ ಮಾಡುತ್ತೇನೆ. ಹಾಡು ಬರುವುದಿಲ್ಲ, ಸ್ವರಜ್ಞಾನ ಇಲ್ಲ, ಗಿಟಾರಿನಲ್ಲಿ ಬರುವುದು ಐದು ಹಿಡಿತ. ಹುಚ್ಚುಮುಂಡೆ ಮದುವೆಯಲ್ಲಿ ಉಂಡವನೇ ಜಾಣ ಅಂತಾರಲ್ಲ, ಮೈಸೂರಲ್ಲಿ ಈ ಸಂಗೀತ ಮಾಡುವವರು ಬೇರೆ ಯಾರೂ ನನಗೆ ಗೊತ್ತಿರಲಿಲ್ಲವಾದ್ದರಿಂದ ನನಗಿಂತ ಚೆನ್ನಾಗಿ ಮಾಡುವವರೂ ಇರಲಿಲ್ಲ.

ಒಂದು ವರ್ಷ ಮಧ್ಯಾಹ್ನಗಳೆಲ್ಲ ಆ ಮಹಡಿ ಕೋಣೆಯಲ್ಲೇ ಹೋದವು. ಗಿಟಾರು ಏನೋ ತುಂಬಿತು. ಆದರೆ ಅಡಿಯಲ್ಲಿ ಹಾಡುವವರು ಯಾರು? ಆ ಕ್ಯಾಸೆಟ್ಟುಗಳಲ್ಲಿ ಒಂದು ಹೆಣ್ಣುದನಿ ಇರುತ್ತಿತ್ತು, ನಿದ್ದೆಯಲ್ಲಿ ಹಾಡಿದಂತೆ. ನನಗೂ ಅದು ಬೇಕಿತ್ತು. ನನಗೆ ಗೊತ್ತಿದ್ದ ಹೆಣ್ಣುದನಿ ಒಂದೇ, ನನ್ನ ಅಕ್ಕನದು.

ಅಕ್ಕ ನನಗಿಂತ ಹನ್ನೆರಡು ವರ್ಷ ದೊಡ್ಡವಳು. ಅಮ್ಮನಿಗೆ ಆಸ್ತಮಾ ಇದ್ದದ್ದರಿಂದ ನನ್ನನ್ನು ಸೊಂಟದ ಮೇಲೆ ಹೊತ್ತು ಸಾಕಿದವಳು ಅವಳೇ. ಮದುವೆಯಾಗಿ ಸಿದ್ಧಾರ್ಥನಗರಕ್ಕೆ ಹೋಗಿದ್ದಳು. ಸೋಮವಾರ ಸೋಮವಾರ ಸಿಟಿ ಬಸ್ಸಿನಲ್ಲಿ ಬಂದು ಅಮ್ಮನ ಪೂಜೆಗೆ ಕೈಜೋಡಿಸಿ, ಊಟ ಮಾಡಿ, ಸಂಜೆ ಮಗಳು ಸ್ಕೂಲಿನಿಂದ ಬರುವಷ್ಟರಲ್ಲಿ ಮನೆ ಸೇರಿಕೊಳ್ಳುತ್ತಿದ್ದಳು. ಅವಳ ದನಿ ನಾನು ಹುಡುಕುತ್ತಿದ್ದ ನಿದ್ದೆಯ ದನಿಯಲ್ಲ. ಮಠದಲ್ಲಿ ತಿಂಗಳಿಗೊಂದು ಗೋಷ್ಠಿ ನಡೆಯುತ್ತಿತ್ತು, ಪ್ರಾರ್ಥನೆ ಅವಳದೇ. ಮೈಕ್ ತಂದಿಟ್ಟರೆ "ಅದ್ಯಾಕ್ರೀ ನಂಗೆ, ಭಾಷಣ ಮಾಡೋರಿಗೆ ಇಡಿ" ಅಂತ ಪಕ್ಕಕ್ಕೆ ಸರಿಸುತ್ತಿದ್ದಳು. ಬಾಯಿ ತೆರೆದರೆ ದಾಸೋಹದ ಕೊಪ್ಪರಿಗೆ ಹತ್ತಿರ ನಿಂತವರು ಸೌಟು ಬಿಟ್ಟು ಈ ಕಡೆ ತಿರುಗುತ್ತಿದ್ದರು. ಹೈಸ್ಕೂಲಿನಲ್ಲಿದ್ದಾಗ ನಾನು ಗೆಳೆಯರ ಜೊತೆ ಹಿಂದಿನ ಸಾಲಲ್ಲಿ ಕುಳಿತು, ಅವಳು ಯಾರೋ ಎಂಬಂತೆ ಇರುತ್ತಿದ್ದೆ. ಅಷ್ಟು ಜೋರಾಗಿ ಹಾಡುವವಳು ನನ್ನ ಅಕ್ಕ ಅಂತ ಹೇಳಿಕೊಳ್ಳಲು ನಾಚಿಕೆಯಾಗುತ್ತಿತ್ತು. ಇದನ್ನು ಬರೆಯುವಾಗ ಕೈ ತಡೆಯುತ್ತದೆ, ಆದರೆ ನಿಜ.

ಅವಳಿಂದ ಯಾವ ಹಾಡು ಹಾಡಿಸಬೇಕು ಎಂಬ ಪ್ರಶ್ನೆಯೇ ಇರಲಿಲ್ಲ. ನಮ್ಮ ಮನೆತನದಲ್ಲಿ ಹೆಸರಿನ ಹಾಡು ಅಂತ ಒಂದಿದೆ. ಮಗುವನ್ನು ತೊಟ್ಟಿಲಿಗೆ ಹಾಕುವ ದಿನ ಹಾಡುವುದು. ಒಂದೊಂದು ಮಗುವಿಗೆ ಒಂದೊಂದು ನುಡಿ. ಹೊಸ ಮಗು ಬಂದಾಗ ಕೊನೆಯಲ್ಲಿ ಒಂದು ನುಡಿ ಕಟ್ಟಿ ಸೇರಿಸುತ್ತಾರೆ. ಅಜ್ಜಿಯಿಂದ ಅಮ್ಮನಿಗೆ, ಅಮ್ಮನಿಗೆ ಉಸಿರು ಸಾಲದೆ ಹೋದ ಮೇಲೆ ಅಕ್ಕನಿಗೆ ಬಂದಿತ್ತು. ಒಟ್ಟು ಹದಿನೇಳು ನುಡಿ. ಅದರಲ್ಲಿ ನನ್ನದೂ ಒಂದು. ಅದರಲ್ಲಿ ನನ್ನ ಮನೆಯ ಅಡ್ಡಹೆಸರು ಬರುತ್ತದೆ. ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಸದಾ ಸುರಿಯುತ್ತಿದ್ದ ನನ್ನ ಮೂಗಿಗೆ ಸಂಬಂಧಪಟ್ಟದ್ದು ಅಂತ ಹೇಳಿದರೆ ಸಾಕು.

ಅಕ್ಕ ಮೊದಲು ಒಪ್ಪಲಿಲ್ಲ.

"ತೊಟ್ಲ ಮುಂದೆ ಬಿಟ್ಟು ಬೇರೆ ಎಲ್ಲೂ ಹಾಡ್ಬಾರ್ದು ಕಣೋ ಅದನ್ನ. ಖಾಲಿ ತೊಟ್ಲು ತೂಗಿದಂಗೆ ಆಯ್ತದೆ."

"ಟೇಪಿಗೆ ಹಾಡೋದಕ್ಕೆಲ್ಲ ಯಾವ ಶಾಸ್ತ್ರನೂ ಇಲ್ಲ ಅಕ್ಕ."

"ಅಜ್ಜಿ ಕಾಲದಲ್ಲಿ ಟೇಪು ಎಲ್ಲಿತ್ತು, ಶಾಸ್ತ್ರ ಮಾಡೋಕೆ?" ಅಂತ ನಕ್ಕು, ಸ್ವಲ್ಪ ಹೊತ್ತು ಯೋಚನೆ ಮಾಡಿ, ಅಡುಗೆಮನೆಗೆ ಹೋಗಿ ರುಬ್ಬುವ ಗುಂಡನ್ನು ಹೊತ್ತು ತಂದಳು. ತೊಟ್ಟಿಲ ಶಾಸ್ತ್ರದಲ್ಲಿ ಮಗುವಿಗಿಂತ ಮೊದಲು ಗುಂಡುಕಲ್ಲನ್ನು ಮಲಗಿಸಿ ತೂಗುವ ಪದ್ಧತಿ ನಮ್ಮಲ್ಲಿದೆ. ಮಗುವಿಗೆ ಬರುವ ಕಂಟಕ ಕಲ್ಲಿಗೆ ಹೋಗಲಿ ಅಂತ. ಗುಂಡನ್ನು ತೊಳೆದು, ವಿಭೂತಿ ಇಟ್ಟು, ಅಮ್ಮನ ಹಳೆಯ ಸೀರೆ ತುಂಡಿನಲ್ಲಿ ಸುತ್ತಿ ಮೈಕಿನ ಪಕ್ಕ ಮಲಗಿಸಿದಳು. "ಈಗ ಹಾಡ್ತೀನಿ. ಖಾಲಿ ಇಲ್ಲವಲ್ಲ" ಅಂದಳು. ಆಲ್ಬಂನ ಫೋಟೋ ತೆಗೆಯುವವರು ಯಾರಾದರೂ ಇದ್ದಿದ್ದರೆ ಹಾಗೆ ತೆಗೆಯಬೇಕಿತ್ತು: ಕಾಲು ಮಡಚಿ ಕುಳಿತ ಅಕ್ಕ, ಕಿವಿಗೆ ದೊಡ್ಡ ಹೆಡ್‌ಫೋನು, ಎದುರಿಗೆ ಸೀರೆ ಹೊದ್ದ ಕಲ್ಲು.

ಅವಳು ಬಾಯಿ ತೆರೆದದ್ದೇ ತಡ, ಯಂತ್ರದ ಮುಳ್ಳು ಕೆಂಪು ಗೆರೆ ದಾಟಿ ಬಡಿದುಕೊಂಡಿತು. ನಿಲ್ಲಿಸಿದೆ. "ಅಕ್ಕ, ಸ್ವಲ್ಪ ಮೆಲ್ಲಗೆ." ಮತ್ತೆ ಹಾಡಿದಳು. "ಇನ್ನೂ ಮೆಲ್ಲಗೆ. ಪಕ್ಕದಲ್ಲಿ ಮಲಗಿರೋರಿಗೆ ಹೇಳೋ ಹಾಗೆ." ನಾಲ್ಕು ಸೋಮವಾರ ಹೀಗೇ ನಡೆಯಿತು. ಒಂದೊಂದು ಸಲವೂ ಇನ್ನೂ ಮೆಲ್ಲಗೆ, ಇನ್ನೂ ಮೆಲ್ಲಗೆ ಅಂತ ಹೇಳಿ ಹೇಳಿ, ಕೊನೆಗೆ ಅವಳ ದನಿಯಲ್ಲಿ ಉಸಿರೇ ಮುಕ್ಕಾಲು ಪಾಲು ಇರುವ ಹಾಗೆ ಮಾಡಿದೆ. ಮೈಕನ್ನು ಎರಡು ಮಾರು ಹಿಂದೆ ಸರಿಸಿದ್ದರೆ ಸಾಕಾಗುತ್ತಿತ್ತು. ಅದು ಆಗಲೇ ನನಗೆ ಗೊತ್ತಿತ್ತು.

ಆ ಯಂತ್ರದ ಕೆಲಸ ಹೇಗೆಂದರೆ, ಕ್ಯಾಸೆಟ್ಟಿನಲ್ಲಿ ಇರುವುದು ನಾಲ್ಕೇ ಟ್ರ್ಯಾಕು, ಬೇರೆ ಬೇರೆ ಸದ್ದು ತುಂಬುವ ನಾಲ್ಕು ಸಾಲು. ಒಂದರಲ್ಲಿ ಅಕ್ಕ, ಎರಡು ಮೂರರಲ್ಲಿ ಗಿಟಾರು. ಇನ್ನೂ ಗಿಟಾರು ಬೇಕೆಂದರೆ ಈ ಮೂರನ್ನೂ ಒಟ್ಟುಗೂಡಿಸಿ ನಾಲ್ಕನೆಯದಕ್ಕೆ ಇಳಿಸಬೇಕು. ಆಗ ಮೊದಲಿನ ಮೂರು ಖಾಲಿ ಮಾಡಿಕೊಂಡು ಅವುಗಳ ಮೇಲೆ ಹೊಸದು ತುಂಬಬಹುದು. ಕೂಡಿಸಿದ್ದನ್ನು ಮತ್ತೆ ಬಿಡಿಸಲು ಬರುವುದಿಲ್ಲ. ವೇಗ ಏರಿಸಿ ಇಳಿಸುವ ಒಂದು ತಿರುಪೂ ಅದಕ್ಕಿತ್ತು. ಅಕ್ಕನ ದನಿ ತುಂಬಿದ ಮೇಲೆ ಆ ತಿರುಪನ್ನು ಕೆಳಗಿಳಿಸಿದೆ. ಹಾಡು ನಿಧಾನವಾಯಿತು, ದನಿ ಭಾರವಾಗಿ ಆಳಕ್ಕೆ ಹೋಯಿತು. ನಾನು ಹುಡುಕುತ್ತಿದ್ದ ನಿದ್ದೆ ಅದರಲ್ಲಿ ಬಂದೇ ಬಂತು. ಖುಷಿಯಲ್ಲಿ ಕೋಣೆಯ ಉದ್ದಕ್ಕೂ ಓಡಾಡಿದೆ. ಅದರ ಮೇಲೆ ಗಿಟಾರು, ಗಿಟಾರಿನ ಮೇಲೆ ಗಿಟಾರು. ನನ್ನ ಅಡ್ಡಹೆಸರು ಬರುವ ನುಡಿಯ ಹತ್ತಿರ ಎರಡೂ ಪೆಡಲ್ಲು ಒತ್ತಿ, ಗೋಡೆ ಅದುರುವಷ್ಟು ಸದ್ದು ಸುರಿದೆ. ಕಲೆಗೋಸ್ಕರ ಅಂತ ನನಗೆ ನಾನೇ ಹೇಳಿಕೊಂಡೆ. ಆಮೇಲೆ ಮೂರನ್ನೂ ನಾಲ್ಕನೆಯದಕ್ಕೆ ಇಳಿಸಿ, ಅಕ್ಕನ ಟ್ರ್ಯಾಕಿನ ಮೇಲೆ ಮಾರನೆಯ ದಿನವೇ ಇನ್ನೊಂದು ಗಿಟಾರು ತುಂಬಿದೆ. ಅವಳು ಬರೀ ಅವಳಾಗಿ ಇದ್ದ ಜಾಗ ಅಳಿಸಿಹೋಯಿತು. ಒಂದು ಕ್ಷಣವೂ ಅದರ ಬಗ್ಗೆ ಯೋಚಿಸಲಿಲ್ಲ.

ಆಲ್ಬಂ ಮುಗಿಯುವಷ್ಟರಲ್ಲಿ ಹೊಸ ಶತಮಾನ ಬಂದಿತ್ತು. ರಾಮಕೃಷ್ಣನಗರದ ಗೆಳೆಯನೊಬ್ಬನ ಮನೆಯಲ್ಲಿ ಕಂಪ್ಯೂಟರ್ ಇತ್ತು. ಅವನು ಕ್ಯಾಸೆಟ್ಟನ್ನು ಅದಕ್ಕೆ ಇಳಿಸಿ ಒಂದಷ್ಟು ಸಿ.ಡಿ. ಮಾಡಿಕೊಟ್ಟ. ಹೊದಿಕೆಯನ್ನು ಜೆರಾಕ್ಸ್ ಅಂಗಡಿಯಲ್ಲಿ ಮಾಡಿಸಿದೆ, ಬೂದು ಬಣ್ಣ, ಮೇಲೆ ಏನೂ ಬರೆದಿಲ್ಲ. ಕೇಳಿದವರು ಸಿ.ಡಿ. ಪ್ಲೇಯರಿನ ಲೆನ್ಸು ಒರೆಸಿಕೊಂಡು ಮತ್ತೆ ಕೇಳಿದರು. ಗೆಳೆಯ ಮಾತ್ರ ನಿಯತ್ತಿನಿಂದ ಪೂರ್ತಿ ಕೇಳಿ, "ಕೋಣನ ಮುಂದೆ ಕಿನ್ನರಿ ಬಾರಿಸಿದ್ಯಾ ಗುರು, ಆದ್ರೆ ಇಲ್ಲಿ ಕೋಣ ನಾನೋ ನೀನೋ ಗೊತ್ತಾಗ್ತಿಲ್ಲ" ಅಂದ.

ಅಕ್ಕನಿಗೆ ಹೆಡ್‌ಫೋನು ಹಾಕಿ ಕೇಳಿಸಿದೆ. ಅವಳ ಹಾಡು ಹನ್ನೊಂದು ನಿಮಿಷ. ಕಣ್ಣು ಮುಚ್ಚಿ ಪೂರ್ತಿ ಕೇಳಿದಳು. ಎಲ್ಲಿ ಬರುತ್ತದೆ ತನ್ನ ದನಿ ಅಂತ ಕಾಯುತ್ತಿದ್ದಾಳೆ ಅಂತ ನನಗೆ ಗೊತ್ತಾಗುತ್ತಿತ್ತು. ಮುಗಿದ ಮೇಲೆ, "ಚೆನ್ನಾಗದೆ. ಮೋಡದೊಳಗೆ ಕುಂತು ಹಾಡ್ದಂಗದೆ" ಅಂದಳು. ಆಮೇಲೆ, "ಅಸಲು ನಿನ್ ಹತ್ರನೇ ಇರ್ತದಲ್ವಾ? ಫೋಟೋ ಸ್ಟುಡಿಯೋದೋರು ನೆಗೆಟಿವ್ ಇಟ್ಕೊಂಡಿರಲ್ವಾ, ಅಂಗೆ?" ಅಂತ ಕೇಳಿದಳು.

ಹೂಂ ಅಂದೆ. ಅಷ್ಟು ಸಣ್ಣ ಸುಳ್ಳು. ಬೇಜಾರು ಮಾಡುವುದು ಯಾಕೆ ಅಂತ ಹೇಳಿದ್ದು.

ಮೂರ್ನಾಲ್ಕು ವರ್ಷ ಕಳೆಯಿತು. ಅಮ್ಮ ಹೋದರು. ಹಾಡು ಬಲ್ಲವಳು ಅಕ್ಕ ಒಬ್ಬಳೇ ಉಳಿದಳು. ನಾನು ಗಿಟಾರು ಬಿಟ್ಟು, ಸೌಂಡ್ ಸಿಸ್ಟಂ ಬಾಡಿಗೆಗೆ ಕೊಡುವವರೊಬ್ಬರ ಜೊತೆ ಸೇರಿ, ಅದನ್ನೂ ಬಿಟ್ಟು ಮತ್ತೆ ಅಂಗಡಿಯಲ್ಲಿ ಕುಳಿತಿದ್ದೆ. ಆಗ ಅಕ್ಕನ ಗಂಟಲಲ್ಲಿ ಗಂಟು ಕಾಣಿಸಿತು. ತೆಗೆಯಲೇಬೇಕು ಅಂದರು. ಗಂಟು ದನಿಯ ನರಕ್ಕೆ ಅಂಟಿಕೊಂಡಿದೆ, ಜೀವಕ್ಕೆ ಅಪಾಯವಿಲ್ಲ, ಆದರೆ ದನಿ ಉಳಿಯುತ್ತದೆ ಅಂತ ಹೇಳಲಾರೆವು ಎಂದು ಡಾಕ್ಟರು ಎದುರಿಗೆ ಕೂರಿಸಿಕೊಂಡು ವಿವರವಾಗಿ ತಿಳಿಸಿದರು. ಆಪರೇಷನ್ನಿಗೆ ಹತ್ತು ದಿನ ಇತ್ತು.

ಮಠದವರೊಬ್ಬರು ನೋಡಲು ಬಂದಾಗ ಇದೇ ಮಾತು ಬಂತು. ಒಂದೆರಡು ಹಾಡು ರೆಕಾರ್ಡ್ ಮಾಡಿ ಇಟ್ಟುಕೊಳ್ಳಬಹುದಲ್ಲ ತಾಯಿ, ಅಂದರು ಅವರು. ಅಕ್ಕ ನನ್ನ ಕಡೆ ಕೈ ತೋರಿಸಿ, "ನನ್ ದನಿ ಇವನ ಹತ್ರ ಭದ್ರವಾಗದೆ ಬುಡಿ. ಆವತ್ತೇ ತುಂಬಿ ಇಟ್ಕೊಂಡವ್ನೆ" ಅಂತ ನಕ್ಕಳು. ಅವಳ ಮುಖದಲ್ಲಿ ನಿಜವಾದ ಹೆಮ್ಮೆ ಇತ್ತು. ಊರೆಲ್ಲ ನಕ್ಕ ನನ್ನ ಕೆಲಸದ ಬಗ್ಗೆ ಯಾರಾದರೂ ಹೆಮ್ಮೆಪಟ್ಟದ್ದು ಅದೊಂದೇ ಸಲ.

ನಾನು ಬಾಯಿ ಬಿಡಲಿಲ್ಲ. ಇಲ್ಲ ಅಕ್ಕ, ಅಳಿಸಿಬಿಟ್ಟೆ, ಈಗಲೇ ಹಾಡು ಅಂತ ಹೇಳಲು ಹತ್ತು ದಿನ ಇತ್ತು. ಯಂತ್ರ ಮನೆಯಲ್ಲೇ ಇತ್ತು. ಒಂದು ಖಾಲಿ ಕ್ಯಾಸೆಟ್ಟು ಸಾಕಾಗಿತ್ತು. ದಿನಾ ಸ್ಕೂಟರ್ ಹತ್ತಿ ಸಿದ್ಧಾರ್ಥನಗರದವರೆಗೆ ಹೋಗುತ್ತಿದ್ದೆ, ಗೇಟಿನ ಹತ್ತಿರ ನಿಂತು, ಹೇಳುವುದು ಬಿಟ್ಟು ಬೇರೆ ಎಲ್ಲ ಮಾತಾಡಿ ಬರುತ್ತಿದ್ದೆ. ಡಾಕ್ಟರುಗಳು ಹಾಗೇ ಹೆದರಿಸುತ್ತಾರೆ, ಏನೂ ಆಗುವುದಿಲ್ಲ ಅಂತ ದಾರಿಯುದ್ದಕ್ಕೂ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಹೇಡಿ ಅನ್ನುವ ಪದಕ್ಕೆ ಬೇರೆ ಅರ್ಥ ಹುಡುಕಬೇಕಾಗಿಲ್ಲ.

ಜೀವ ಉಳಿಯಿತು, ದನಿ ಹೋಯಿತು. ಮಾತಿಗೆ ಪಿಸುದನಿ ಬರುತ್ತಿತ್ತು, ಅದೂ ಎರಡು ಪದಕ್ಕೊಮ್ಮೆ ಉಸಿರೆಳೆದುಕೊಂಡು. ಸ್ವರ ಹಿಡಿಯಲು ಆಗುತ್ತಲೇ ಇರಲಿಲ್ಲ. ಮಠದ ಗೋಷ್ಠಿಗೆ ಹೋಗುವುದನ್ನು ಬಿಡಲಿಲ್ಲ, ಮುಂದಿನ ಸಾಲಲ್ಲಿ ಕುಳಿತು ಬೇರೆಯವರ ಪ್ರಾರ್ಥನೆಗೆ ತಾಳ ಹಾಕುತ್ತಿದ್ದಳು. ನಾನು ಹೋಗುವುದನ್ನು ಬಿಟ್ಟೆ.

ಮತ್ತೆ ಎರಡು ಮೂರು ವರ್ಷಕ್ಕೆ ಅವಳ ಮಗಳು ಬಾಣಂತನಕ್ಕೆ ಬಂದಳು. ಹೆಣ್ಣುಮಗು. ತೊಟ್ಟಿಲಿಗೆ ಹಾಕುವ ದಿನ ಗೊತ್ತಾಯಿತು. ಒಂದು ಬೆಳಿಗ್ಗೆ ಸೊಸೆ ಅಂಗಡಿಗೆ ಫೋನ್ ಮಾಡಿದಳು. ಅಕ್ಕನ ಮಗಳನ್ನು ನಾನು ಮೊದಲಿನಿಂದ ಸೊಸೆ ಅಂತಲೇ ಕರೆಯುವುದು.

"ಮಾವ, ಅಮ್ಮ ಹೆಸರಿನ ಹಾಡಿನ ಪದ ಎಲ್ಲ ಬರೆದುಕೊಟ್ಟಿದ್ದಾರೆ. ಪಾಪುದೂ ಒಂದು ನುಡಿ ಕಟ್ಟಿದ್ದಾರೆ. ಆದ್ರೆ ಧಾಟಿ ಹೆಂಗೆ ಬರೆಯೋದು? ನಾನು ಅದನ್ನ ಚಿಕ್ಕೋಳಿದ್ದಾಗ ಒಂದೆರಡು ಸಲ ಕೇಳಿರೋದು ಅಷ್ಟೇ. ನಿಮ್ಮ ಹತ್ರ ಅಸಲು ಅದೆಯಂತಲ್ಲ, ಅದನ್ನ ತಂದುಕೊಡಿ. ಕೇಳಿ ಕಲ್ತ್ಕೋತೀನಿ."

ತರುತ್ತೇನೆ ಅಂದೆ. ಮತ್ತೊಂದು ಸುಳ್ಳು. ಫೋನ್ ಇಟ್ಟು ಧಾಟಿ ನೆನಪು ಮಾಡಿಕೊಳ್ಳಲು ನೋಡಿದೆ. ತೊಟ್ಟಿಲ ಮುಂದೆ ಮಾತ್ರ ಹಾಡುವ ಹಾಡು, ನಾನೂ ಕೇಳಿದ್ದು ಅಪರೂಪಕ್ಕೆ. ತಲೆಯೊಳಗೆ ಬಂದದ್ದು ನಾನು ತಿರುಪು ಇಳಿಸಿ ಎಳೆದು ಎಳೆದು ಮಾಡಿದ ಹಾಡು, ಅಕ್ಕ ಹಾಡಿದ್ದಲ್ಲ. ಅಂಗಡಿಯಲ್ಲಿ ಗಿರಾಕಿ ದಶಾಂಗ ಕೇಳುತ್ತಿದ್ದರೆ ನಾನು ರುದ್ರಾಕ್ಷಿ ಕಟ್ಟಿಕೊಡುತ್ತಿದ್ದೆ.

ರಾಮಕೃಷ್ಣನಗರದ ಗೆಳೆಯನ ಮನೆಗೆ ಹೋದೆ. ಈಗ ಅವನ ಹತ್ತಿರ ಒಳ್ಳೆಯ ಕಂಪ್ಯೂಟರ್ ಇತ್ತು, ಸದ್ದು ಸೋಸುವ ಸಾಫ್ಟ್‌ವೇರು ಇತ್ತು. ಹತ್ತು ಹನ್ನೆರಡು ದಿನ ಅಂಗಡಿಗೆ ಚಕ್ಕರ್ ಹೊಡೆದು ಅಲ್ಲೇ ಕುಳಿತೆ. ಗಿಟಾರು ತಗ್ಗಿಸಿದರೆ ಅಕ್ಕನೂ ತಗ್ಗುತ್ತಿದ್ದಳು. ಅವಳನ್ನು ಎತ್ತಿದರೆ ಗಿಟಾರು ಕಿರುಚುತ್ತಿತ್ತು. ವೇಗ ಸರಿಮಾಡೋಣ ಅಂದರೆ ತಿರುಪನ್ನು ಎಷ್ಟಕ್ಕೆ ಇಳಿಸಿದ್ದೆ ಅಂತ ಬರೆದಿಟ್ಟಿರಲಿಲ್ಲ. ಒಂದೊಂದು ಸಲ ಒಂದೊಂದು ವೇಗ, ಯಾವುದು ಅಕ್ಕ ಅಂತ ನನಗೇ ತಿಳಿಯುತ್ತಿರಲಿಲ್ಲ. ಗೆಳೆಯ ಕಾಫಿ ತಂದಿಟ್ಟು, "ಪಾಯಸ ಮಾಡ್ಬುಟ್ಟು ಈಗ ಬೆಲ್ಲ ವಾಪಸ್ ತೆಗೀತೀನಿ ಅಂತ ಕುಂತಿದ್ದೀಯಲ್ಲೋ" ಅಂದ. ನಾನು ಅವನ ಮೇಲೆ ರೇಗಿದೆ, ಕಂಪ್ಯೂಟರಿನ ಮೇಲೆ ರೇಗಿದೆ, ಬೀದಿಯಲ್ಲಿ ಹಾರ್ನ್ ಹೊಡೆದವನ ಮೇಲೆ ಕಿಟಕಿಯಿಂದ ಕೂಗಾಡಿದೆ. ಕೊನೆಗೆ ಸಿಕ್ಕಿದ್ದು ಹಾಡಿನ ಆರಂಭದಲ್ಲಿ, ಗಿಟಾರು ಬರುವುದಕ್ಕೆ ಮುಂಚಿನ ನಾಲ್ಕು ಸೆಕೆಂಡು. ಅದರಲ್ಲಿ ಅಕ್ಕ ಉಸಿರು ಎಳೆದುಕೊಳ್ಳುತ್ತಾಳೆ, ಒಂದು ಪದ ಹಾಡುತ್ತಾಳೆ, ಎರಡನೆಯ ಪದಕ್ಕೆ ಗಿಟಾರು ಬಂದು ಬೀಳುತ್ತದೆ.

ಶಾಸ್ತ್ರಕ್ಕೆ ಎರಡು ದಿನ ಇರುವಾಗ ಆ ನಾಲ್ಕು ಸೆಕೆಂಡು ಸಿ.ಡಿ.ಗೆ ಹಾಕಿಕೊಂಡು ಸಿದ್ಧಾರ್ಥನಗರಕ್ಕೆ ಹೋದೆ. ಮಧ್ಯಾಹ್ನದ ಬಿಸಿಲು. ಅಕ್ಕ ಮಹಡಿಯ ಮೇಲೆ ಮಗುವಿನ ಬಟ್ಟೆ ಒಣಗಿಹಾಕುತ್ತಿದ್ದಳು. ಕೈಗೆ ಪ್ಲೇಯರ್ ಕೊಟ್ಟು, ಕಿವಿಗೆ ಹೆಡ್‌ಫೋನು ಹಾಕಿ ಕೇಳಿಸಿದೆ. ಕೇಳಿ, ಮುಂದೆ ಇನ್ನೂ ಬರುತ್ತದೆ ಅಂತ ಕಾದಳು.

"ಅಷ್ಟೇ ಅಕ್ಕ. ಅಸಲು ಇಲ್ಲ. ಆವತ್ತೇ ಅಳಿಸಿ ಅದರ ಮೇಲೆ ಗಿಟಾರು ತುಂಬಿದೆ. ಆಪರೇಷನ್ನಿಗೆ ಮುಂಚೆ ನೀನು ಮಠದವರ ಮುಂದೆ ಹೇಳಿದೆಯಲ್ಲ, ಆವಾಗ್ಲೂ ಇರಲಿಲ್ಲ. ನಾನು ಸುಮ್ನಿದ್ದೆ" ಅಂದೆ. ಒಂದೇ ಉಸಿರಿಗೆ ಹೇಳಿದೆ. ನಿಲ್ಲಿಸಿದ್ದರೆ ಮತ್ತೆ ಹೇಳಲು ಆಗುತ್ತಿರಲಿಲ್ಲ.

ಅಕ್ಕ ಹೆಡ್‌ಫೋನು ತೆಗೆದು ಕೊರಳಿಗೆ ಇಳಿಸಿಕೊಂಡಳು. ಆಪರೇಷನ್ನಿನ ಗೆರೆಯ ಮೇಲೆ ಅದು ಕುಳಿತುಕೊಂಡಿತು. ಬೈಯುತ್ತಾಳೆ ಅಂದುಕೊಂಡೆ, ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಅವಳು ಬಕೆಟ್ಟಿನಿಂದ ಇನ್ನೊಂದು ಬಟ್ಟೆ ತೆಗೆದು ಹಿಂಡಿ ಕೊಡವಿದಳು. ಆಮೇಲೆ ಉಸಿರು ಕೂಡಿಸಿಕೊಂಡು, ನಿಲ್ಲಿಸಿ ನಿಲ್ಲಿಸಿ ಹೇಳಿದಳು.

"ಇದ್ದಿದ್ರೂ ಅದು ನಾನಲ್ಲ ಕಣೋ. ನಾನು ಯಾವತ್ತು ಅಂಗೆ ಹಾಡಿದ್ದೆ? ಮೆಲ್ಲಗೆ, ಮೆಲ್ಲಗೆ ಅಂತ ನೀನು ಹೇಳ್ದೆ. ನನ್ ದನಿ ನಿಂಗೆ ನಾಚಿಕೆ ಅಂತ ನಂಗೊತ್ತಿಲ್ವಾ? ಮಠದಲ್ಲಿ ಹಿಂದೆ ಕುಂತ್ಕೊತಿದ್ದೆಯಲ್ಲ, ಆವಾಗಿಂದ ಗೊತ್ತು. ನೀನು ಕರೆದ್ಯಲ್ಲ ಅನ್ನೋದೇ ನಂಗೆ ಆವತ್ತು ದೊಡ್ಡದಾಗಿತ್ತು. ಅದಕ್ಕೇ ಹೇಳ್ದಂಗೆ ಹಾಡ್ಬುಟ್ಟೆ."

ನನಗೆ ಅಳು ಬಂತು. ಮೂವತ್ತು ದಾಟಿದ ಗಂಡಸು, ಮಗುವಿನ ಲಂಗೋಟಿಗಳ ನಡುವೆ ನಿಂತು ಅತ್ತೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅಂತ ಅಮ್ಮ ಹೇಳುತ್ತಿದ್ದ ಗಾದೆ ನೆನಪಾಗಿ ಇನ್ನೂ ಅಳು ಬಂತು. ಅಕ್ಕ ಸೆರಗಿನಿಂದ ನನ್ನ ಮೂಗು ಒರೆಸಿ, "ಇಳಿ ಕೆಳಗೆ, ಊಟ ಮಾಡು" ಅಂದಳು.

ಸೊಸೆಗೆ ಹೇಳುವ ಕೆಲಸ ನನಗೇ ಬಿಟ್ಟಳು. ಹೇಳಿದೆ. ಅವಳು ಮಗುವನ್ನು ಭುಜದ ಮೇಲೆ ತಟ್ಟುತ್ತ, ನೋಡೋಣ ಬಿಡಿ ಮಾವ, ಅಂದಳು. ಪದವನ್ನಾದರೂ ಓದಿದರಾಯಿತು ಅಂದುಕೊಂಡಿದ್ದಾಳೆ ಅಂತ ನಾನು ತಿಳಿದೆ.

ಶಾಸ್ತ್ರದ ದಿನ ನನಗೆ ಒಂದು ಕಡೆ ನಿಲ್ಲಲು ಆಗಲಿಲ್ಲ. ಶಾಮಿಯಾನದವರ ಹತ್ತಿರ, ಅಡುಗೆಯವರ ಹತ್ತಿರ, ಗೇಟಿನ ಹತ್ತಿರ, ಬೇಡದ ಕಡೆಯೆಲ್ಲ ಓಡಾಡಿದೆ. ಅಯ್ಯನವರು ಬಂದು ಮಗುವಿಗೆ ಲಿಂಗಧಾರಣೆ ಮಾಡಿದರು. ಕಿವಿಯಲ್ಲಿ ಹೆಸರು ಹೇಳಿದರು. ಗುಂಡುಕಲ್ಲು ತೊಟ್ಟಿಲಿಗೆ ಹೋಗಿ ಬಂತು, ಆಮೇಲೆ ಮಗು. ಹಿರಿಯ ಹೆಂಗಸರೆಲ್ಲ ಅಭ್ಯಾಸ ಬಲದಿಂದ ಅಕ್ಕನ ಕಡೆ ನೋ‌ಡಿದರು, ತಕ್ಷಣ ತಪ್ಪು ತಿಳಿದು ಬೇರೆ ಕಡೆ ನೋಡಿದರು. ಅಲ್ಲಿಂದ ಹೊರಗೆ ಹೋಗಿಬಿಡೋಣ ಅಂತ ಬಾಗಿಲಿಗೆ ತಿರುಗಿದೆ.

ಆಗ ಸೊಸೆ ಹಾಡಿದಳು.

ಕಾಗದ ನೋಡದೆ, ಕಣ್ಣು ತೊಟ್ಟಿಲ ಮೇಲಿಟ್ಟು, ಸಣ್ಣಗೆ ನಡುಗುವ ದನಿಯಲ್ಲಿ ಹಾಡಿದಳು. ಧಾಟಿ ಅದೇ. ನಾನು ಹನ್ನೆರಡು ದಿನ ಸಾಫ್ಟ್‌ವೇರಿನಲ್ಲಿ ಸೋಸಿ ಸಿಗದ ಧಾಟಿ. ಆಮೇಲೆ ಹೇಳಿದಳು, ಬಾಣಂತಿ ಕೋಣೆಯಲ್ಲಿ ಅಕ್ಕ ಇಟ್ಟುಕೊಂಡಿದ್ದ ನನ್ನ ಹಳೆಯ ಸಿ.ಡಿ.ಯನ್ನೇ ಹಗಲೆಲ್ಲ ಕೇಳಿ ಕೇಳಿ ಕಲಿತದ್ದಂತೆ. "ನಿಮ್ಮ ಗಿಟಾರ್ ಕಡೆ ಗಮನ ಕೊಡದೆ ಕೇಳ್ತಾ ಹೋದ್ರೆ ಅಮ್ಮ ಸಿಗ್ತಾರೆ ಮಾವ" ಅಂದಳು. ಹೆತ್ತವಳ ದನಿ ಹುಡುಕುವ ಕಿವಿಗೆ ಯಾವ ಪೆಡಲ್ಲೂ ಅಡ್ಡ ಬರಲಿಲ್ಲ.

ಆದರೆ ಅವಳು ಹಾಡುತ್ತಿದ್ದುದು ನಾನು ತಿರುಪು ಇಳಿಸಿದ ವೇಗದಲ್ಲಿ. ಒಂದೊಂದು ಪದವನ್ನೂ ಎಳೆದು, ಆಳದ ಶ್ರುತಿಯಲ್ಲಿ, ನಿದ್ದೆಗಣ್ಣಿನಲ್ಲಿ ನಡೆಯುವ ಹಾಗೆ. ಅಕ್ಕ ಹಾಡುತ್ತಿದ್ದುದು ಹಾಗಲ್ಲ. ಆ ಎಳೆತ ಕೂಡ ತನ್ನಮ್ಮನ ಹಾಡಿನ ರೀತಿ ಅಂತಲೇ ನಂಬಿ ಆ ಹುಡುಗಿ ಕಲಿತುಬಿಟ್ಟಿದ್ದಳು. ಅಕ್ಕ ತೊಟ್ಟಿಲ ಅಂಚಿನ ಮೇಲೆ ಬೆರಳಲ್ಲಿ ತಾಳ ಹಾಕಲು ಶುರುಮಾಡಿದಳು. ಅವಳ ತಾಳ ಚುರುಕಾಗಿತ್ತು, ಹಾಡು ಹಿಂದೆ ಬೀಳುತ್ತಿತ್ತು. ಒಂದು ನುಡಿ ಹಾಗೇ ಹೋಯಿತು. ಎರಡನೆಯ ನುಡಿಯಲ್ಲಿ ಮಗಳು ಗಾಬರಿಯಿಂದ ಅಮ್ಮನ ಬೆರಳು ನೋಡಿದಳು. ಅಕ್ಕನ ಬೆರಳು ಅಲ್ಲೇ ತಡೆಯಿತು. ಮೂರನೆಯ ನುಡಿಗೆ ಮಗಳ ವೇಗ ಹಿಡಿದು ನಿಧಾನವಾಗಿ ತಟ್ಟಿತು.

ನನಗೆ ತಡೆಯಲಾಗಲಿಲ್ಲ. ಹತ್ತಿರ ಹೋಗಿ ಅಕ್ಕನ ಕಿವಿಯಲ್ಲಿ, "ಅದು ತಪ್ಪು ಅಕ್ಕ. ನಾನು ಮಾಡಿದ ತಪ್ಪು. ಹೇಳ್ತೀನಿ ಅವಳಿಗೆ" ಅಂದೆ.

ಅಕ್ಕ ತೊಟ್ಟಿಲಿನಿಂದ ಕಣ್ಣು ತೆಗೆಯದೆ ನನ್ನ ಮಣಿಕಟ್ಟು ಹಿಡಿದುಕೊಂಡಳು.

"ಸುಮ್ನಿರೋ" ಅಂದಳು. "ಮಗು ಮಲಗ್ತಾ ಅದೆ."